ಬೀಗತಿಯ ಖಾಲಿ ಬಟ್ಟಲು

ನಮ್ಮ ಓಣಿಯಲ್ಲಿ ಈಗ ಮೀಸೆ ಬಿಟ್ಟು ಬೈಕಿನ ಮೇಲೆ ತಿರುಗುವ ಹುಡುಗರನ್ನೆಲ್ಲ ನಾನು ಬರಿಮೈಯಲ್ಲಿ ನೋಡಿದವಳು. ಹೀಗೆ ಹೇಳಿದರೆ ನನ್ನ ಮಗ ಮಲ್ಲಪ್ಪನಿಗೆ ಸಿಟ್ಟು ಬರುತ್ತದೆ. ಆದರೂ ಖರೆ ಮಾತು. ಘೋಡಗೇರಿಯಲ್ಲಿ ಕೂಸು ಹುಟ್ಟಿದರೆ ಎರೆಯಲು ನನ್ನನ್ನೇ ಕರೆಯುತ್ತಿದ್ದರು. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಸೀರೆ ಮೊಣಕಾಲಿನ ಮೇಲೆ ಎತ್ತಿ, ಎರಡೂ ಕಾಲು ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಬೇಕು. ಕಡಲೆ ಹಿಟ್ಟು ಹಚ್ಚಿ ಬಿಸಿ ನೀರು ಎರೆದು, ಲೋಬಾನದ ಹೊಗೆ ತೋರಿಸಿ, ತಲೆಗೆ ಕುಂಚಿಗೆ ಕಟ್ಟಿ ತೊಟ್ಟಿಲಿಗೆ ಹಾಕಿದರೆ ಅದು ಮಧ್ಯಾಹ್ನದ ತನಕ ಏಳಬಾರದು. ಎದ್ದರೆ ಎರೆದವಳಿಗೆ ಕೆಲಸ ಬರುವುದಿಲ್ಲ ಎಂದು ತಿಳಿಯಬೇಕು. ನಾನು ಎರೆದ ಕೂಸುಗಳಲ್ಲಿ ಒಬ್ಬ ಈಗ ಪೊಲೀಸ. ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಡರೆ ಟೋಪಿ ಸರಿ ಮಾಡಿಕೊಂಡು ಬೇರೆ ಕಡೆ ನೋಡುತ್ತಾನೆ.

ನಾನು ಓದಿದ್ದು ಎರಡನೇ ಇಯತ್ತೆ. ಇದನ್ನು ಬರೆ ಎಂದು ಗಂಟು ಬಿದ್ದವಳು ಮೊಮ್ಮಗಳು ಸವಿತಾ. "ಆಯಿ, ನಿನ್ನಂಗ ಆದಾವ್ರು ಭಾಳ ಮಂದಿ ಅದಾರ. ಯಾರೂ ಬಾಯಿ ಬಿಡೂದಿಲ್ಲ. ನಿನ್ನ ಬಾಯಿ ಹೆಂಗಿದ್ರೂ ಮುಚ್ಚೂದಿಲ್ಲ, ನೀನಾ ಬರಿ" ಅಂದಳು. ಕಾಗುಣಿತ ಅವಳು ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಕೊರೊನಾ ಎರಡನೇ ಸಲ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡ ವರ್ಷ ನನಗೆ ಜ್ವರ ಬಂತು. ಮಲ್ಲಪ್ಪ ಹುಕ್ಕೇರಿಗೆ ಕರೆದುಕೊಂಡು ಹೋಗಿ ಮೂಗಿಗೆ ಕಡ್ಡಿ ಹಾಕಿಸಿದ. ಆ ಹುಡುಗಿ ಕಡ್ಡಿಯನ್ನು ಎಷ್ಟು ಒಳಗೆ ಹಾಕಿದಳೆಂದರೆ, ಈ ಮುದುಕಿಯ ತಲೆಯಲ್ಲಿ ಏನು ವಿಚಾರ ನಡೆದಿದೆ ಎಂದು ಹುಡುಕುತ್ತಿದ್ದಾಳೆ ಅನಿಸಿತು. ಮರುದಿನ ಮಲ್ಲಪ್ಪನ ಮೊಬೈಲಿಗೆ ಸುದ್ದಿ ಬಂತು. ಅವನು ನನಗೆ ಹೇಳುವ ಮೊದಲೇ ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಹೀಗಾಗಿ ನನಗೆ ನನ್ನ ಬ್ಯಾನಿ ತಿಳಿದದ್ದು ಅವರ ಕಿಟಕಿಯಿಂದ.

ಉಸಿರು ಸಾಲದಾದಾಗ ಬಾಡಿಗೆ ಕಾರಿನಲ್ಲಿ ಗೋಕಾಕಕ್ಕೆ ಹೊರಟೆವು. ಕಾರಿನವನು ಮೂಗು ಬಾಯಿಗೆ ಎರಡು ಟವೆಲ್ಲು ಸುತ್ತಿಕೊಂಡಿದ್ದ.

"ಆಯಿ, ಮಾರಿ ಕಿಡಕ್ಯಾಗ ಹಾಕಿ ಉಸರ ಬಿಡ್ರಿ," ಅಂದ.

"ಬಿಡಾಕ ಉಸರ ಇದ್ದಿದ್ರ ನಿನ್ನ ಕಾರ ಯಾಕ ಹತ್ತತಿದ್ದೆ?" ಅಂದೆ.

ಅವನು ದಾರಿಯ ಉದ್ದಕ್ಕೂ ನನ್ನನ್ನು ಕನ್ನಡಿಯಲ್ಲಿ ನೋಡುತ್ತಲೇ ಓಡಿಸಿದ. ಆ ಬ್ಯಾನಿಗಿಂತ ಅವನ ಓಡಿಸುವಿಕೆಗೇ ನಾನು ಸಾಯುತ್ತೇನೆ ಅನಿಸಿತ್ತು.

ಗೋಕಾಕದ ಆ ದವಾಖಾನೆಯಲ್ಲಿ ಮಲ್ಲಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಓಡಾಡುತ್ತಿದ್ದವರೆಲ್ಲ ತಲೆಯಿಂದ ಕಾಲಿನ ತನಕ ಬಿಳಿ ಪ್ಲಾಸ್ಟಿಕ್ಕಿನಲ್ಲಿದ್ದರು, ಗೊಬ್ಬರದ ಚೀಲಗಳಿಗೆ ಕಾಲು ಬಂದ ಹಾಗೆ. ನಾನು ಎಲ್ಲರನ್ನೂ "ತಂಗಿ" ಎಂದು ಕರೆದೆ. ಅದರಲ್ಲಿ ಒಬ್ಬ ಗಂಡಸು ಎಂದು ನಾಲ್ಕನೇ ದಿನ ಗೊತ್ತಾಯಿತು. ಪಾಪ, ಅಲ್ಲಿಯ ತನಕ ಓ ಅನ್ನುತ್ತಿದ್ದ. ಕೊರಳಲ್ಲಿದ್ದದ್ದನ್ನೆಲ್ಲ ಬಿಚ್ಚಿಕೊಡಿ ಅಂದರು. ಗಂಡ ಹೋದ ಮೇಲೂ ರೂಢಿಗೆ ಹಾಕಿಕೊಂಡಿದ್ದ ಗುಂಡಿನ ಸರ ಕೊಟ್ಟೆ, ಲಿಂಗ ಮಾತ್ರ ಕೊಡಲಿಲ್ಲ. ರಟ್ಟೆಗೆ ಕಟ್ಟಿಕೊಂಡೆ. ಸೂಜಿ ಚುಚ್ಚುವಾಗ ಅದು ಅಡ್ಡ ಬರುತ್ತದೆ ಎಂದು ಗೊಣಗಿದರು. ಇನ್ನೊಂದು ರಟ್ಟೆ ಇದೆಯಲ್ಲ ಅಂದೆ.

ಬಾಜೂ ಹಾಸಿಗೆಯಲ್ಲಿ ನನ್ನ ವಾರಿಗೆಯ ಒಬ್ಬಳು ಇದ್ದಳು, ಅಂಕಲಗಿಯ ನೀಲವ್ವ. ನಮ್ಮಿಬ್ಬರಿಗೂ ಉಸಿರು ಚೆನ್ನಾಗಿ ಬರಲಿ ಎಂದು ಡಾಕ್ಟರು ಬೋರಲು ಮಲಗಲು ಹೇಳಿದರು. ನಾನು ಕೂಸಾಗಿದ್ದಾಗ ಬೋರಲು ಬಿದ್ದದ್ದಕ್ಕೆ ಮನೆಯವರು ಊರಿಗೆ ಸಕ್ಕರೆ ಹಂಚಿರಬೇಕು. ಈಗ ಬಿದ್ದರೆ ಹಂಚುವವರು ಯಾರೂ ಇರಲಿಲ್ಲ. ಇಬ್ಬರೂ ಬೋರಲು ಬಿದ್ದು, ಮೂಗಿಗೆ ಗಾಳಿಯ ಕೊಳವೆ ಹಾಕಿಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ ಮಲಗಿರುತ್ತಿದ್ದೆವು. ಮಾತಿಗೆ ಉಸಿರು ಕಡಿಮೆ, ಜಗಳಕ್ಕೆ ಸಾಕಾಗುತ್ತಿತ್ತು.

"ನಿಮ್ಮ ಕಡೆ ರೊಟ್ಟಿ ದಪ್ಪ ಬಡಿತೀರಂತ," ಅನ್ನುತ್ತಿದ್ದಳು ಅವಳು.

"ನಿಮ್ಮ ಕಡೆ ಬಡಿಯೂದಾ ಇಲ್ಲಂತ, ಕಾಯಿಪಲ್ಯಾ ಕುಡಿತೀರಂತ," ಅನ್ನುತ್ತಿದ್ದೆ ನಾನು.

ಒಂದು ದಿನ ಬಾಗಿಲ ಹತ್ತಿರದ ಹಾಸಿಗೆಯವಳು ತೀರಿದಳು. ಅವಳ ಹೆಸರು ನಮಗೆ ಗೊತ್ತಿರಲಿಲ್ಲ. ಕಟ್ಟಿ ಒಯ್ಯುವಾಗ ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಇದ್ದೆ. ಒಂದು ಕಣ್ಣು ಸ್ವಲ್ಪ ತೆರೆದು ನೋಡಿದೆ. ನೀಲವ್ವನೂ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಅಂದು ರೊಟ್ಟಿಯ ಮಾತು ಬರಲಿಲ್ಲ. ಅಂಜಿಕೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಒಂದು ಕಣ್ಣು ಎಂದು ಹೇಳುತ್ತೇನೆ.

ಇಬ್ಬರೂ ಉಳಿದೆವು. ಹೊರಡುವಾಗ ನೀಲವ್ವ ತನ್ನ ಮೊಮ್ಮಗನ ಮೊಬೈಲ್ ನಂಬರು ಕೊಟ್ಟು, "ಸತ್ತರ ತಿಳಸು" ಅಂದಳು.

ಮಂದಿ ತಿಳಿದಿರುವುದು ದವಾಖಾನೆಯಲ್ಲಿ ಇರುವುದೇ ಕಷ್ಟ ಎಂದು. ಅಲ್ಲಿ ನನ್ನನ್ನು ಮುಟ್ಟುವವರು ಇದ್ದರು, ಪ್ಲಾಸ್ಟಿಕ್ಕಿನ ಕೈಯಿಂದಾದರೂ. ಊರಿಗೆ ಬಂದ ಮೇಲೆ ಅದೂ ಇಲ್ಲ. ನೋಡಲು ಬಂದವರು ರಸ್ತೆಯ ಆ ಬದಿಗೆ ನಿಂತು "ಹೆಂಗದೀ ಬೇ?" ಎಂದು ಕೂಗುತ್ತಿದ್ದರು. ಆರಾಮಿದ್ದೇನೆ ಎಂದು ನಾನು ಕೂಗಿ ಹೇಳುವಷ್ಟರಲ್ಲಿ ಏದುಸಿರು ಬಂದು, ಆರಾಮಿಲ್ಲ ಎಂದು ಅವರಿಗೆ ಕಾಣುತ್ತಿತ್ತು. ಗಿರಣಿಯಲ್ಲಿ ನನ್ನ ಜೋಳದ ಡಬ್ಬಿಯನ್ನು ಕಡೆಗೆ ಇಡುತ್ತಿದ್ದರು. ಗುಡಿಯಲ್ಲಿ ಅಯ್ಯನವರು ವಿಭೂತಿಯನ್ನು ಮೇಲಿನಿಂದ ಉದುರಿಸುತ್ತಿದ್ದರು, ಅರ್ಧ ಅಂಗೈಗೆ, ಅರ್ಧ ನನ್ನ ಕಾಲಿಗೆ. ಲಾಭ ಆಗಲಿಲ್ಲ ಎನ್ನಲಾರೆ. ಹುಕ್ಕೇರಿ ಬಸ್ಸಿನಲ್ಲಿ ಒಂದು ಸಲ ಕೆಮ್ಮಿದರೆ ಮೂರು ಮಂದಿಯ ಸೀಟು ನನಗೊಬ್ಬಳಿಗೇ ಸಿಗುತ್ತಿತ್ತು. ಕೆಮ್ಮು ನಿಂತ ಮೇಲೂ ಕೆಲವು ತಿಂಗಳು ಅದನ್ನು ಇಟ್ಟುಕೊಂಡಿದ್ದೆ.

ಮೈಯೊಳಗೆ ಇನ್ನೂ ಎರಡು ಕೆಡುಕು ಆಗಿದ್ದವು. ಒಂದು, ಅಳು. ಗಂಡ ಸತ್ತಾಗಲೂ ಬೇಕಾದಷ್ಟೇ ಅತ್ತವಳು ನಾನು. ಈಗ ಟೀವಿಯಲ್ಲಿ ಬಟ್ಟೆ ಸೋಪಿನ ಜಾಹೀರಾತು ಬಂದರೆ ಕಣ್ಣಲ್ಲಿ ನೀರು. ಅಂಗಿ ಬೆಳ್ಳಗಾದದ್ದಕ್ಕೆ ಯಾಕೆ ಅಳುತ್ತೀ ಎಂದು ಮಲ್ಲಪ್ಪ ಕೇಳಿದರೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದೆ. ಎರಡನೆಯದು, ಮೂಗು. ಸೊಸೆ ಶೋಭಾ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಓಣಿಗೆ ಓಣಿಯೇ ಸೀನುತ್ತಿತ್ತು, ನನಗೆ ಚಟಪಟ ಸದ್ದು ಮಾತ್ರ ಕೇಳುತ್ತಿತ್ತು. ಮೂಗು ಮೂಗುತಿ ಹಿಡಿದುಕೊಳ್ಳಲು ಮಾತ್ರ ಉಳಿದಿತ್ತು.

ಡಾಕ್ಟರು ನನಗೆ ಹೇಳಿದ್ದು ಸರಳ. ಬ್ಯಾನಿ ಹೋಗಿದೆ, ನಿನ್ನಿಂದ ಯಾರಿಗೂ ಅಂಟುವುದಿಲ್ಲ, ವಾಸನೆ ನಿಧಾನಕ್ಕೆ ಬರಬಹುದು. ನಮ್ಮ ಓಣಿಯ ಹೆಂಗಸರು ಡಾಕ್ಟರಿಗಿಂತ ಹೆಚ್ಚು ಟೀವಿ ನೋಡಿದವರು. ವಾಸನೆ ಹೋಗುವುದು ಕೊರೊನಾ ಬಂದ ಗುರುತು ಎಂದು ಟೀವಿಯಲ್ಲಿ ಕೇಳಿದ್ದರು. ಹಾಗಾದರೆ ವಾಸನೆ ತಿರುಗಿ ಬರುವ ತನಕ ಕೊರೊನಾ ಮೂಗಿನಲ್ಲೇ ಕುಳಿತಿದೆ ಎಂದು ಕಟ್ಟೆಯ ಮೇಲೆ ತೀರ್ಮಾನ ಆಯಿತು. ಆ ವರ್ಷ ಓಣಿಯಲ್ಲಿ ಮೂರು ಕೂಸು ಹುಟ್ಟಿದವು. ಒಂದಕ್ಕೂ ನನ್ನನ್ನು ಕರೆಯಲಿಲ್ಲ. ತೊಟ್ಟಿಲಿನ ಸದ್ದು ಕೇಳಿಸುತ್ತಿತ್ತು, ನಾನು ಮಣೆಯನ್ನು ಅಟ್ಟದ ಮೇಲೆ ಇಟ್ಟೆ. ಕೆಲಸ ಹೋದರೆ ಹೋಗಲಿ ಅಂದುಕೊಳ್ಳಬಹುದಿತ್ತು. ಆದರೆ ಮೊಮ್ಮಗಳು ಸವಿತಾ ಚೊಚ್ಚಲ ಬಸುರಿ. ಮೂಡಲಗಿಯ ಗಂಡನ ಮನೆಯಿಂದ ಬಂದವಳು ಹೆರಿಗೆಗೂ ನಮ್ಮಲ್ಲೇ ಉಳಿದಿದ್ದಳು. ಊರಿನ ಕೂಸುಗಳಿಗೆಲ್ಲ ಎರೆದವಳು ಸ್ವಂತ ಮನೆಯ ಕೂಸಿಗೆ ಎರೆಯದಿದ್ದರೆ, ಆ ದವಾಖಾನೆಯಿಂದ ನಾನು ಉಳಿದು ಬಂದದ್ದು ಸೀರಿಯಲ್ಲು ನೋಡಲಿಕ್ಕೇ?

ದೀಪಾವಳಿಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ದವಾಖಾನೆಯಿಂದ ಮನೆಗೆ ಬಂದ ದಿನವೇ ಬೀಗತಿ ಗಂಗವ್ವನೂ ಮೂಡಲಗಿಯಿಂದ ಬಂದಿಳಿದಳು. ಅವಳು ಸವಿತಾಳ ಅತ್ತೆ, ಗಟ್ಟಿ ಹೆಂಗಸು, ಮನೆಯಲ್ಲಿ ಕಿರಾಣಿ ಅಂಗಡಿ ಇದೆ. ಸೊಂಟದಲ್ಲಿ ಎಲೆ ಅಡಿಕೆಯ ಚೀಲದ ಜಾಗದಲ್ಲಿ ಕೈಗೆ ಹಾಕುವ ಔಷಧಿಯ ಬಾಟಲಿ ಸಿಕ್ಕಿಸಿಕೊಂಡಿದ್ದಳು. ಬಾಗಿಲ ಚಿಲಕಕ್ಕೆ ಸಿಂಪಡಿಸಿದಳು, ಚಹಾದ ಕಪ್ಪಿಗೆ ಸಿಂಪಡಿಸಿದಳು, ತಾನೇ ತಂದ ಬಾಳೆಹಣ್ಣಿಗೂ ಸಿಂಪಡಿಸಿದಳು. ಕೈಯನ್ನಂತೂ ಗಳಿಗೆಗೊಮ್ಮೆ ತೊಳೆಯುತ್ತಿದ್ದಳು. ಕೂಸಿಗೆ ಕನ್ನಡಿ ಹಚ್ಚಿದ, ಜರಿಯ ಅಂಚಿನ ಕುಂಚಿಗೆ ಹೊಲಿಸಿ ತಂದಿದ್ದಳು. ತೊಟ್ಟಿಲಿಗೆ ಉದ್ದನೆಯ ಹಗ್ಗ ಕಟ್ಟಿ, ಎರಡು ಮಾರು ದೂರದಲ್ಲಿ ಕುಳಿತು ತೂಗಿದಳು. ಕೂಸನ್ನು ಎತ್ತಿಕೊಳ್ಳಲಿಲ್ಲ. ಹೆಣ್ಣು ಹುಟ್ಟಿತೆಂದು ಸೊಕ್ಕು ಎಂದು ನಾನು ಮನಸ್ಸಿನಲ್ಲೇ ಬೈದೆ.

ನಾನು ಅಟ್ಟದಿಂದ ಮಣೆ ಇಳಿಸುವುದನ್ನು ನೋಡಿದಳು.

"ಬೀಗತೇರ, ಅದನ್ನ ಯಾಕ ಇಳಸಾಕತ್ತೀರಿ?"

"ಕೂಸಿಗೆ ಎರಿಯಾಕ."

"ನಿಮಗ ವಾಸನಿ ಬರತೈತೇನ್ರಿ?"

"ಕೂಸಿಗೆ ಎರಿಯೂದು ಕೈಲೆ, ಮೂಗಿಲೆ ಅಲ್ಲ."

"ಹಂಗಲ್ರಿ. ಮೂಡಲಗ್ಯಾಗೂ ಅಂತಾರ, ವಾಸನಿ ಬರೂತನಾ ಬ್ಯಾನಿ ಒಳಗಾ ಇರತೈತಂತ. ಸಿಟ್ಟಾಗಬ್ಯಾಡ್ರಿ. ಒಂದು ಸಣ್ಣ ಪರೀಕ್ಷಾ ಮಾಡೂಣು. ಪಾಸಾದ್ರ ನೀವಾ ಎರೀರಿ, ನಾನಾ ನೀರ ಕಾಸಿ ಕೊಡತೇನಿ."

ಎರಡನೇ ಇಯತ್ತೆಯ ನಂತರ ನನಗೆ ಪರೀಕ್ಷೆ ಇಟ್ಟವರು ಯಾರೂ ಇರಲಿಲ್ಲ. ಒಪ್ಪಿಕೊಂಡೆ. ಗಂಗವ್ವ ಅಡುಗೆಮನೆಗೆ ಹೋದಾಗ ಬಾಣಂತಿ ಸವಿತಾಳ ಹತ್ತಿರ ಹೋಗಿ ಕೂತೆ. ಅವಳಿಗೆ ಬಕೆಟ್ಟಿನ ಸ್ನಾನಕ್ಕಿಂತ ನನ್ನ ಕಾಲ ಮೇಲೆ ವಿಶ್ವಾಸ ಹೆಚ್ಚು, ಅವಳಿಗೂ ನಾನೇ ಎರೆದದ್ದು. ಇಬ್ಬರೂ ಗುಟ್ಟಾಗಿ ಮಾತಾಡಿಕೊಂಡೆವು. ಬಟ್ಟಲಲ್ಲಿ ಇಂಗು ಇದ್ದರೆ ಅವಳು ಒಂದು ಸಲ ಕೆಮ್ಮಬೇಕು, ಬೆಳ್ಳುಳ್ಳಿ ಇದ್ದರೆ ಎರಡು ಸಲ, ಕೊಬ್ಬರಿ ಎಣ್ಣೆ ಇದ್ದರೆ ಮೂರು ಸಲ. ಬಾಣಂತಿ ಕೋಣೆಯಲ್ಲಿ ಇಷ್ಟು ಬಿಟ್ಟರೆ ಬೇರೆ ಏನು ಇರುತ್ತದೆ?

ಗಂಗವ್ವ ನನ್ನ ಸೆರಗಿನಿಂದಲೇ ನನ್ನ ಕಣ್ಣು ಕಟ್ಟಿದಳು. ಮೊದಲನೇ ಬಟ್ಟಲು ಮೂಗಿನ ಹತ್ತಿರ ಬಂತು. ಸವಿತಾ ಎರಡು ಸಲ ಕೆಮ್ಮಿದಳು.

"ಬಳ್ಳೊಳ್ಳಿ," ಅಂದೆ. "ಅದೂ ಹಳೀದು."

ಹಳೆಯದು ಎಂದದ್ದು ನನ್ನದೇ ಸೇರ್ಪಡೆ, ನಂಬಿಕೆ ಬರಲಿ ಎಂದು. ಎರಡನೇ ಬಟ್ಟಲಿಗೆ ಮೂರು ಕೆಮ್ಮು. ಕೊಬ್ಬರಿ ಎಣ್ಣೆ ಅಂದೆ. ಶೋಭಾ ಬಾಗಿಲಲ್ಲಿ ನಿಂತು "ಅತ್ಯಾರಿಗೆ ಮೂಗು ಬಂತ್ರಿ" ಎಂದು ಖುಷಿಯಿಂದ ಹೇಳಿದ್ದು ಕೇಳಿಸಿತು. ಮೂರನೇ ಬಟ್ಟಲು ಬಂತು. ಸವಿತಾ ಸುಮ್ಮನೆ ಇದ್ದಳು. ನಾನು ದೀರ್ಘವಾಗಿ ಮೂಸಿದೆ. ಇನ್ನೂ ಸುಮ್ಮನೆ. ಮತ್ತೊಮ್ಮೆ ಮೂಸಿದೆ. ಅಷ್ಟರಲ್ಲಿ ಒಂದು ಕೆಮ್ಮು ಕೇಳಿಸಿತು.

"ಇಂಗು," ಅಂದೆ. "ಚೊಲೋ ಇಂಗು."

ಸೆರಗು ಬಿಚ್ಚಿ ನೋಡಿದರೆ ಗಂಗವ್ವ ಬಟ್ಟಲನ್ನು ಬೋರಲು ಹಿಡಿದು ತೋರಿಸುತ್ತಿದ್ದಳು. ಖಾಲಿ. ಸವಿತಾ ಲೋಬಾನದ ಹೊಗೆಗೆ ನಿಜವಾಗಿಯೂ ಕೆಮ್ಮಿದ್ದಳಂತೆ.

"ಬೀಗತೇರ," ಅಂದಳು ಗಂಗವ್ವ, "ಖಾಲಿ ಬಟ್ಟಲದಾಗ ಚೊಲೋ ಇಂಗು ಎಲ್ಲಿಂದ ಬಂತ್ರಿ? ಘೋಡಗೇರಿ ಗಾಳ್ಯಾಗ ಬೆಳಿತೈತೇನು?"

ಮಣೆ ಮತ್ತೆ ಅಟ್ಟ ಹತ್ತಿತು. ಎರೆಯುವ ಕೆಲಸ ಶೋಭಾಳಿಗೆ ಬಂತು. ಶೋಭಾ ಒಳ್ಳೆಯವಳು. ಎಮ್ಮೆ ಹಿಂಡುತ್ತಾಳೆ, ಟ್ರ್ಯಾಕ್ಟರಿಗೆ ಡೀಸೆಲ್ ಹಾಕುತ್ತಾಳೆ, ಯಾವುದಕ್ಕೂ ಅಂಜುವುದಿಲ್ಲ. ಆದರೆ ಕೂಸಿನ ಒದ್ದೆ ಮೈಗೆ ಅಂಜುತ್ತಾಳೆ. ಅವಳ ಮಕ್ಕಳಿಗೆ ನಾನೇ ಎರೆದದ್ದರಿಂದ ಅವಳಿಗೆ ಕಲಿಯುವ ಪಾಳಿ ಬಂದಿರಲಿಲ್ಲ. ಮೊಬೈಲಿನಲ್ಲಿ ನೋಡಿಕೊಂಡು, ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ಹಾಕಿ, ಬೇಳೆ ತೊಳೆದ ಹಾಗೆ ಕೂಸನ್ನು ಎರಡು ಬೆರಳಿನಿಂದ ತೊಳೆದಳು. ಕೂಸು ಬೆಳಗಿನಿಂದ ಸಂಜೆಯ ತನಕ ಅತ್ತಿತು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತು ಕಿಟಕಿಯಿಂದ ಹೇಳಿಕೊಡುತ್ತಿದ್ದೆ.

"ಬೆನ್ನ ತಿಕ್ಕ, ಶೋಭಾ."

"ಜಾರತೈತ್ರಿ ಅತ್ತಿ."

"ಜಾರಲಿಕ್ಕಂತನಾ ಎಣ್ಣಿ ಹಚ್ಚೂದು. ಕಾಲ ಮ್ಯಾಲ ಹಾಕ್ಕೊ."

"ನನ್ನ ಕಾಲ ನಡಗತಾವ್ರಿ."

ಗಂಗವ್ವ ತೊಟ್ಟಿಲ ಹಗ್ಗ ಹಿಡಿದುಕೊಂಡು, "ಕಿಡಕ್ಯಾಗ ಉಸರ ಬಿಡಬ್ಯಾಡ್ರಿ ಬೀಗತೇರ" ಅನ್ನುತ್ತಿದ್ದಳು. ಕಾರಿನವನ ನೆನಪು ಬರುತ್ತಿತ್ತು. ಅವನು ಬಿಡಿ ಎಂದಿದ್ದ, ಇವಳು ಬಿಡಬೇಡಿ ಎನ್ನುತ್ತಾಳೆ. ಮನುಷ್ಯರು ಉಸಿರನ್ನು ಎಲ್ಲಿ ಇಟ್ಟುಕೊಳ್ಳಬೇಕು?

ಆ ದಿನ ಅಂಕಲಗಿಗೆ ಫೋನು ಹಚ್ಚಿಸಿ ನೀಲವ್ವನ ಹತ್ತಿರ ಎಲ್ಲ ಹೇಳಿಕೊಂಡೆ. ಅವಳು ಪೂರ್ತಿ ಕೇಳಿ ನಕ್ಕಳು.

"ನಿನಗ ವಾಸನಿ ಬರೂದಿಲ್ಲ, ಚೊಲೋ ಆತು ಅನ್ನ. ನನಗ ತಿರುಗಿ ಬಂದೈತಿ, ತಪ್ಪ ಬಂದೈತಿ. ಬೆಲ್ಲ ಮೂಸಿದ್ರ ಸುಟ್ಟ ರಬ್ಬರ. ಮಲ್ಲಿಗಿ ಮುಡ್ಕೊಂಡ್ರ ಸುಟ್ಟ ರಬ್ಬರ. ನಮ್ಮ ಮನ್ಯಾಗ ಗಾಡಿ ಟೈರ ಎಲ್ಲಿ ಸುಡಾಕತ್ತೈತಿ ಅಂತ ಎರಡ ದಿನ ಹುಡಿಕ್ಯಾರ."

"ಮತ್ತ ನಿನ್ನ ಏನಂತಾರ?"

"ಹುಚ್ಚ ಹಿಡದೈತಿ ಅಂತಾರ. ಅಂದಕೊಳ್ಳಲಿ. ಹುಚ್ಚ ಅಂಟೂದಿಲ್ಲಲಾ, ಬಾಜೂ ಕೂಡತಾರ."

ಅವಳ ಮಾತಿಗೆ ನಾನೂ ನಕ್ಕೆ. ಆ ಬ್ಯಾನಿಯ ನಂತರ ಅಳು ಬಾರದೆ ನಕ್ಕದ್ದು ಅದೇ ಮೊದಲು.

ಕೆಲವು ದಿನಗಳ ನಂತರದ ಮಾತು. ಮುಂಜಾನೆ ಶೋಭಾ ಕೂಸನ್ನು ತೊಳೆದು, ಸವಿತಾಳ ಬಾಜೂ ಮಲಗಿಸಿ, ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ಈಚೆ ನಡುಮನೆಯಲ್ಲಿ ಅಗ್ಗಿಷ್ಟಿಗೆಯ ಕೆಂಡದ ಮೇಲೆ ಲೋಬಾನ ಹಾಕಿ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಕೂಸಿನ ಬಟ್ಟೆಗಳನ್ನು ಹರವಿದ್ದರು. ಒದ್ದೆ ಆರುತ್ತದೆ, ಬಟ್ಟೆಗೆ ಒಳ್ಳೆಯ ಪರಿಮಳ ಹಿಡಿಯುತ್ತದೆ. ಎಲ್ಲಕ್ಕೂ ಮೇಲೆ ಗಂಗವ್ವ ತಂದ ಜರಿಯ ಕುಂಚಿಗೆ. ಮನೆ ತುಂಬ ಹೊಗೆ, ಅದು ಇರಬೇಕಾದದ್ದೇ. ಗಂಗವ್ವ ಬುಟ್ಟಿಯ ಒಂದು ಬದಿಗೆ ಕುಳಿತಿದ್ದಳು. ನಾನು ಇವತ್ತು ಎರಡರಲ್ಲಿ ಒಂದು ಆಗಲಿ ಎಂದು ಒಳಗೆ ಬಂದು ಇನ್ನೊಂದು ಬದಿಗೆ ಕುಳಿತೆ.

"ಗಂಗವ್ವ, ಡಾಕ್ಟರಕಿಂತ ನೀ ಶ್ಯಾಣ್ಯಾಕೆ ಏನು?" ಬಹುವಚನ ತಾನಾಗಿಯೇ ಬಿದ್ದುಹೋಯಿತು.

"ಡಾಕ್ಟರ ಕೂಸಿಗೆ ಏನಾರ ಆದ್ರ ಬರತಾನೇನು? ವಾಸನಿ ಬರಲಾರದಾಕಿ ಕೂಸಿನ ಹತ್ತಿರ ಹೆಂಗ ಇರತೀಯ? ಹಾಲು ಒಡದ್ರ ತಿಳಿಯೂದಿಲ್ಲ. ಗ್ಯಾಸ ಸೋರಿದ್ರ ತಿಳಿಯೂದಿಲ್ಲ."

"ನನಗ ತಿಳೀದಿದ್ರ ಮನ್ಯಾಗ ಮತ್ತ ಮೂಗ ಇಲ್ಲೇನು? ನಿನ್ನ ಮೂಗ ಐತೆಲಾ, ಗೋಡಿ ಗಡಿಯಾರದಷ್ಟ."

"ಮೂಗ ಅಂದ್ರ ಹಂಗ ಇರಬೇಕು. ಮನ್ಯಾಗ ಏನ ಆದ್ರೂ ಮೊದಲ ನನಗಾ ಗೊತ್ತಾಕ್ಕೈತಿ."

ಅವಳು ಈ ಮಾತು ಹೇಳುತ್ತಿರುವಾಗಲೇ ಹಿತ್ತಲಿನಿಂದ ಶೋಭಾ ಒದ್ದೆ ಕೈಯಲ್ಲೇ ಓಡಿ ಬಂದಳು.

"ಏನ ಸುಡಾಕತ್ತೈತ್ರಿ?"

"ಎಲ್ಲಿ?" ಅಂದೆ ನಾನು.

"ಎಲ್ಲಿ?" ಅಂದಳು ಗಂಗವ್ವ.

ಇಬ್ಬರೂ ಬಾಗಿಲ ಕಡೆ ನೋಡಿದೆವು. ಶೋಭಾ ಕೈ ತೋರಿಸಿದ್ದು ನಮ್ಮ ನಡುವೆ. ಜರಿಯ ಕುಂಚಿಗೆಯ ಒಂದು ಕಿವಿ ಬುಟ್ಟಿಯ ಸಂದಿಯಿಂದ ಕೆಂಡಕ್ಕೆ ಜಾರಿ, ಅರ್ಧ ಕರಿಯಾಗಿ ಹೊಗೆಯಾಡುತ್ತಿತ್ತು. ಕನ್ನಡಿಗಳು ಒಂದೊಂದಾಗಿ ಬೂದಿಗೆ ಬೀಳುತ್ತಿದ್ದವು. ಶೋಭಾ ಬಟ್ಟೆ ಎಳೆದು ಚೊಂಬಿನ ನೀರು ಸುರಿದಳು. ಸುಟ್ಟ ಜರಿಯ ವಾಸನೆ ಹಿತ್ತಲು ದಾಟಿ ಎಮ್ಮೆಯ ಗೂಟದ ತನಕ ಬಂದಿತ್ತಂತೆ. ನಾವಿಬ್ಬರೂ ಅದರ ಮೇಲೆ ಮುಖ ಇಟ್ಟುಕೊಂಡು ಮೂಗಿನ ಬಗ್ಗೆ ಜಗಳಾಡುತ್ತಿದ್ದೆವು.

ಶೋಭಾ ಹೆಚ್ಚು ಮಾತಿನವಳಲ್ಲ. ನನ್ನನ್ನು ನೋಡಿದಳು, ಬೀಗತಿಯನ್ನು ನೋಡಿದಳು.

"ನಮ್ಮ ಅತ್ಯಾರಿಗೆ ವಾಸನಿ ಬರೂದಿಲ್ಲ, ಊರಿಗೆಲ್ಲ ಗೊತ್ತೈತಿ. ನಿಮಗೇನಾಗೈತ್ರಿ?"

"ನೆಗಡಿ," ಅಂದಳು ಗಂಗವ್ವ.

"ಯಾವಾಗಿಂದ್ರಿ?"

ಗಂಗವ್ವ ಬಾಟಲಿ ತೆಗೆದು ಕೈಗೆ ಔಷಧಿ ಹಾಕಿಕೊಂಡು ತಿಕ್ಕಿದಳು, ತಿಕ್ಕಿದಳು.

"ಯುಗಾದಿಯಿಂದ," ಅಂದಳು.

ಯುಗಾದಿಯಿಂದ ದೀಪಾವಳಿಯ ತನಕ ಇರುವ ನೆಗಡಿ ನಾನು ಕೇಳಿರಲಿಲ್ಲ. ನಗು ಬಂತು. ನಕ್ಕರೆ ಅಳುತ್ತಾಳೆ ಅನಿಸಿ ತಡೆದುಕೊಂಡೆ. ಶೋಭಾ ಅವಳ ಬೆನ್ನ ಹಿಂದಿನಿಂದ ನನಗೆ ಸುಮ್ಮನಿರಲು ಸನ್ನೆ ಮಾಡಿ ಚಹಾ ಇಡಲು ಹೋದಳು.

ಚಹಾ ಬರುವ ತನಕ ಗಂಗವ್ವ ಎಲ್ಲ ಹೇಳಿದಳು. ನನಗೆ ಜ್ವರ ಬಂದ ಹೊತ್ತಿನಲ್ಲೇ ಅವಳಿಗೂ ಬಂದಿತ್ತು. ಊರಿಗೆ ತಿಳಿದರೆ ಅಂಗಡಿಗೆ ಯಾರೂ ಬರುವುದಿಲ್ಲ ಎಂದು ಹಿರಿಯ ಮಗ ಅವಳನ್ನು ಮಾಳಿಗೆಯ ಮೇಲೆ ಗೋವಿನಜೋಳದ ಚೀಲಗಳ ನಡುವೆ ಮಲಗಿಸಿದ. ಬಸುರಿಯ ವಾಂತಿ ಹೆಚ್ಚಾಗಿ ಸವಿತಾಳನ್ನು ಅದಕ್ಕೂ ಮೊದಲೇ ನಮ್ಮಲ್ಲಿಗೆ ಕಳಿಸಿದ್ದರು, ಅವಳಿಗೂ ಗೊತ್ತಿಲ್ಲ. ಗಂಗವ್ವ ಗೋಕಾಕದಲ್ಲಿ ತಂಗಿಯ ಮನೆಗೆ ಹೋಗಿದ್ದಾಳೆ ಎಂದು ಬಂದವರಿಗೆಲ್ಲ ಹೇಳಿದರಂತೆ.

"ಕೆಮ್ಮ ಬಂದ್ರ ಕೌದಿ ಬಾಯಾಗ ತುರಕೋತಿದ್ದೆ ಯವ್ವಾ. ಕೆಳಗ ಅಂಗಡ್ಯಾಗ ನಿಂತು ಮಂದಿ ಮಾತಾಡತಿದ್ರು, ಗಂಗವ್ವ ತಂಗಿ ಮನ್ಯಾಗ ಹೋಳಿಗಿ ತಿಂದು ದಪ್ಪಾಗಿ ಬರತಾಳ ನೋಡ ಅಂತ. ನಾ ಮ್ಯಾಲ ಸಾಯಾಕತ್ತಿದ್ದೆ."

"ಖಾಲಿ ಬಟ್ಟಲಾ ಇಡೂದು ಎಲ್ಲಿ ಕಲತಿ?"

"ನಮ್ಮ ಹಿರಿ ಸೊಸಿ ನನಗ ಇಟ್ಟಿದ್ಲು."

"ನೀ ಏನಂದಿ?"

"ಏಲಕ್ಕಿ ಅಂದೆ."

ಇನ್ನು ತಡೆಯಲು ಆಗಲಿಲ್ಲ. ನಾನು ನಕ್ಕೆ, ಅವಳೂ ನಕ್ಕಳು, ಇಬ್ಬರಿಗೂ ಏದುಸಿರು ಹತ್ತಿ ಒಬ್ಬರ ಬೆನ್ನು ಒಬ್ಬರು ಸವರಿದೆವು. ನಗು ನಿಂತ ಮೇಲೆ ಅವಳು ಹೇಳಿದ ಮಾತು ನನಗೆ ಈಗಲೂ ನೆನಪಿದೆ.

"ನಿನಗ ರಸ್ತಾದ ಆ ಕಡೆ ನಿಂತಾದ್ರೂ ಹೆಂಗದೀ ಅಂತ ಕೇಳಿದ್ರು. ನನ್ನ ಯಾರೂ ಕೇಳಲಿಲ್ಲ ಬೀಗತಿ. ಬ್ಯಾನಿನಾ ಬಂದಿಲ್ಲಲಾ, ಹೆಂಗ ಕೇಳತಾರ?"

ನನಗೆ ಆಗ ಹೊಳೆಯಿತು. ಅವಳು ಕೂಸನ್ನು ಎತ್ತಿಕೊಳ್ಳದೆ ಹಗ್ಗ ಹಿಡಿದು ದೂರ ಕುಳಿತದ್ದು ಸೊಕ್ಕಿಗೆ ಅಲ್ಲ. ಡಾಕ್ಟರ ಹತ್ತಿರ ಹೋಗಿದ್ದರೆ ಅಂಟುವುದಿಲ್ಲ ಎಂದು ಅವಳಿಗೂ ಯಾರಾದರೂ ಹೇಳುತ್ತಿದ್ದರು. ಹೋಗಿರಲಿಲ್ಲ. ನನ್ನ ಮೂಗಿಗೆ ಇಟ್ಟ ಪರೀಕ್ಷೆಯನ್ನು ತನಗೂ ಇಟ್ಟುಕೊಂಡು, ದಿನಾ ನಪಾಸಾಗಿ, ಸ್ವಂತ ಮೊಮ್ಮಗಳನ್ನು ಮುಟ್ಟದೆ ಕುಳಿತಿದ್ದಳು. ನನಗೆ ಬೇಡ ಎಂದವಳು ತನಗೂ ಬೇಡ ಎಂದುಕೊಂಡಿದ್ದಳು.

ಒಳಗಿನಿಂದ ಸವಿತಾ ಎದ್ದು ಬಂದಳು. ಹೊಗೆ, ನೀರು, ಕರಿಯಾದ ಕುಂಚಿಗೆ, ನಗುವ ಇಬ್ಬರು ಮುದುಕಿಯರು, ಎಲ್ಲ ನೋಡಿದಳು. ಶೋಭಾ ಮೂರು ಮಾತಿನಲ್ಲಿ ಹೇಳಿ ಮುಗಿಸಿದಳು. ಸವಿತಾ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಂದು ಕಂಡೆ.

"ಅತ್ಯಾರ, ಅಂಟೂದಿಲ್ಲಂತ ಡಾಕ್ಟರ ಹೇಳ್ಯಾರ. ನೀವು ಆಯಿನ್ನ ತಡದದ್ದು ಸಾಕು, ನಿಮ್ಮನ್ನ ನೀವು ತಡದದ್ದೂ ಸಾಕು. ನಮ್ಮವ್ವ ಕೂಸಿನ್ನ ಬ್ಯಾಳಿ ತೊಳದಂಗ ತೊಳಿಯೂದು ನೋಡಿ ನನಗ ಊಟ ಸೇರವಲ್ದು. ನಾಳೆಯಿಂದ ನೀವಿಬ್ಬರೂ ಎರೀರಿ."

"ನನಗೂ ಅದಾ ಬೇಕಾಗಿತ್ತು," ಅಂದಳು ಶೋಭಾ, ಚಹಾ ಕೊಡುತ್ತ. ಬೇಳೆಯ ಮಾತಿಗೆ ಅವಳಿಗೆ ಸ್ವಲ್ಪವೂ ಬೇಜಾರಾಗಲಿಲ್ಲ.

ನನ್ನ ಮೂಗು ಇವತ್ತಿಗೂ ಪೂರ್ತಿ ಬಂದಿಲ್ಲ. ಮಳೆ ಬಂದಾಗ ಸ್ವಲ್ಪ ತಿಳಿಯುತ್ತದೆ, ಹಸಿ ಕೊತ್ತಂಬರಿ ಒಮ್ಮೊಮ್ಮೆ ತಿಳಿಯುತ್ತದೆ, ಬೆಳ್ಳುಳ್ಳಿ ಇಲ್ಲವೇ ಇಲ್ಲ. ಗಂಗವ್ವನಿಗೆ ಇಂಗು ಬಂದಿದೆ, ಅದನ್ನು ವಾರಕ್ಕೊಮ್ಮೆ ಫೋನು ಮಾಡಿ ಹೇಳುತ್ತಾಳೆ. ನೀಲವ್ವ ಸುಟ್ಟ ರಬ್ಬರಿಗೆ ಹೊಂದಿಕೊಂಡಿದ್ದಾಳೆ. ಓಣಿಯವರು ಈಗ ನನ್ನನ್ನು ಎರೆಯಲು ಕರೆಯುತ್ತಾರೆ, ಮೊದಲಿನಷ್ಟು ಅಲ್ಲ, ಕೆಲವರು. ಕರೆದವರ ಮನೆಗೆ ಹೋಗಿ ಮೊದಲೇ ಹೇಳುತ್ತೇನೆ, ನನಗೆ ವಾಸನೆ ಬರುವುದಿಲ್ಲ, ಬಚ್ಚಲ ಬಾಗಿಲಲ್ಲಿ ಮೂಗು ಇದ್ದ ಒಬ್ಬರನ್ನು ನಿಲ್ಲಿಸಿ ಎಂದು. ನಿಲ್ಲಿಸುತ್ತಾರೆ. ಅಳು ಕಡಿಮೆಯಾಗಿದೆ, ಸೋಪಿನ ಜಾಹೀರಾತು ಬಂದರೆ ಈಗಲೂ ಎದ್ದು ಹೋಗುತ್ತೇನೆ.

ಆ ಕುಂಚಿಗೆ ಸುಟ್ಟ ಮರುದಿನ ಮುಂಜಾನೆ ಮಣೆ ಕೆಳಗೆ ಬಂತು. ಎಷ್ಟೋ ತಿಂಗಳ ಮೇಲೆ ಬಚ್ಚಲಲ್ಲಿ ಕಾಲು ಚಾಚಿದೆ. ದವಾಖಾನೆಯಿಂದ ಬಂದ ಮೇಲೆ ಕಾಲುಗಳು ಒಣಗಿದ ಹತ್ತಿಕಟ್ಟಿಗೆ ಆಗಿದ್ದವು, ಮೊದಲಿನ ದಪ್ಪ ಇರಲಿಲ್ಲ. ನಡುಗಿದವು. ಶೋಭಾ ಕೂಸನ್ನು ತಂದು ಮಲಗಿಸಿ, ಬಾಗಿಲಲ್ಲಿ ನಿಂತಳು, ನಮ್ಮಿಬ್ಬರ ಮೂಗಾಗಿ. ಅಳುತ್ತ ಬಂದ ಕೂಸು ಕಾಲಿನ ಸಂದಿಗೆ ಕೂತದ್ದೇ ಸುಮ್ಮನಾಯಿತು. ನಡುಗುವ ಕಾಲು ತೊಟ್ಟಿಲು ಎಂದು ತಿಳಿಯಿತೋ ಏನೋ. ಎಣ್ಣೆ ತಿಕ್ಕಿದೆ. ಬೆನ್ನು, ತೋಳು, ಅಂಗಾಲು. ಕೈಗೆ ಎಲ್ಲ ನೆನಪಿತ್ತು.

ಗಂಗವ್ವ ಚೊಂಬು ಹಿಡಿದು ನೀರು ಹಾಕುತ್ತಿದ್ದಳು, ದೂರದಿಂದ, ಗಿಡಕ್ಕೆ ಹಾಕುವ ಹಾಗೆ.

"ಹತ್ತಿರ ಬಾ," ಅಂದೆ. "ಅದೇನ ಕಚ್ಚತೈತಿ?"

ಒಂದು ಹೆಜ್ಜೆ ಬಂದಳು. ಆಗ ಬಾಗಿಲಿನಿಂದ ಶೋಭಾ ಮೂಗಿಗೆ ಸೆರಗು ಹಿಡಿದುಕೊಂಡು ಹೇಳಿದಳು:

"ಅತ್ತಿ, ಕೂಸು ಕೆಲಸ ಮಾಡಿಕೊಂಡೈತ್ರಿ."

"ಗೊತ್ತೈತಿ," ಅಂದೆ. "ಬೆಚ್ಚಗ ಐತಿ."

ಗಂಗವ್ವ ನನ್ನ ಕಾಲಿನ ಕಡೆ ನೋಡಿದಳು. ಚೊಂಬು ಕೆಳಗಿಟ್ಟಳು. ಬಾಗಿ, ಕೈ ಚಾಚಿ, ಕೂಸಿನ ಕುಂಡಿಯ ಕೆಳಗೆ ಅಂಗೈ ಇಟ್ಟಳು.

"ಹೌದ್ರಿ ಬೀಗತೇರ," ಅಂದಳು. "ಬೆಚ್ಚಗ ಐತಿ."

ಅಷ್ಟೇ. ಬಾಟಲಿ ಸೊಂಟದಲ್ಲೇ ಇತ್ತು, ನೀರು ಕಾಲ ಬುಡದಲ್ಲೇ ಇತ್ತು. ಬಹಳ ಹೊತ್ತು ಅವಳು ಕೈ ತೊಳೆಯಲೇ ಇಲ್ಲ.